ಮರದ ಕ್ಯಾಮೆರಾ

ಮರದ ಕ್ಯಾಮೆರಾ ಎಂಬುದು ಮಹಾಗನಿ, ತೇಗ, ಚೆರ್ರಿ ಮೊದಲಾದ ಮರಗಳಿಂದ ಚೌಕಟ್ಟನ್ನು ನಿರ್ಮಿಸಿದ ಛಾಯಾಗ್ರಹಣ ಸಾಧನ. 19ನೆಯ ಶತಮಾನದ ಬಹುಪಾಲು ಕ್ಯಾಮೆರಾಗಳು ಮರದವೇ ಆಗಿದ್ದವು. ಲೋಹ ಮತ್ತು ಡಿಜಿಟಲ್ ಕ್ಯಾಮೆರಾಗಳು ಬಂದ ಮೇಲೂ ಇವುಗಳ ತಯಾರಿಕೆ ನಿಂತಿಲ್ಲ. ಹಳೆಯ ವಸ್ತುಗಳ ಮೇಲಿನ ಮೋಹ ಇದಕ್ಕೆ ಒಂದು ಕಾರಣ. ಆದರೆ ದೊಡ್ಡ ಅಳತೆಯ ಫಿಲ್ಮ್ ಬಳಸುವವರಿಗೆ ಮರದ ಕ್ಯಾಮೆರಾ ಇಂದಿಗೂ ಹಗುರವಾದ, ದುರಸ್ತಿಗೆ ಸುಲಭವಾದ ಉಪಕರಣ ಎಂಬುದೇ ಹೆಚ್ಚು ಮುಖ್ಯವಾದುದು.

ಇತಿಹಾಸ

ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅವರು 1835ರಲ್ಲಿ ಇಂಗ್ಲೆಂಡಿನ ಲೇಕಾಕ್ ಅಬೆಯಲ್ಲಿ ಪುಟ್ಟ ಮರದ ಪೆಟ್ಟಿಗೆಗಳಿಂದ ಪ್ರಯೋಗ ನಡೆಸಿದರು. ಅವರ ಪತ್ನಿ ಆ ಪೆಟ್ಟಿಗೆಗಳನ್ನು ಇಲಿಬೋನುಗಳೆಂದು ಕರೆಯುತ್ತಿದ್ದರು. 1839ರಲ್ಲಿ ಪ್ಯಾರಿಸ್ಸಿನ ಆಲ್ಫೋನ್ಸ್ ಜಿರೂ ಮಾರಾಟಕ್ಕೆ ತಂದ ಡಾಗೇರ್ ಕ್ಯಾಮೆರಾ, ಒಂದರೊಳಗೊಂದು ಜಾರುವ ಎರಡು ಮರದ ಪೆಟ್ಟಿಗೆಗಳನ್ನು ಹೊಂದಿತ್ತು.

ಆ ಕಾಲದಲ್ಲಿ ನೆಗೆಟಿವನ್ನು ಕಾಗದಕ್ಕೆ ಒತ್ತಿಟ್ಟು ಅದೇ ಅಳತೆಯ ಪ್ರತಿ ತೆಗೆಯುವುದೇ ರೂಢಿ. ದೊಡ್ಡ ಚಿತ್ರ ಬೇಕಿದ್ದರೆ ಕ್ಯಾಮೆರಾವೂ ಅಷ್ಟೇ ದೊಡ್ಡದಾಗಿರಬೇಕಿತ್ತು. 1856ರಲ್ಲಿ ಹಂಪಿಯ ಅವಶೇಷಗಳ ಛಾಯಾಚಿತ್ರ ತೆಗೆದ ಅಲೆಕ್ಸಾಂಡರ್ ಗ್ರೀನ್‌ಲಾ ಅವರ ಕಾಗದದ ನೆಗೆಟಿವ್‌ಗಳು ಸುಮಾರು 16 ಅಂಗುಲ ಅಗಲ, 18 ಅಂಗುಲ ಉದ್ದ ಇದ್ದವು. ಅಷ್ಟು ದೊಡ್ಡ ಪೆಟ್ಟಿಗೆಗೆ ಮರವೇ ಸಹಜ ಆಯ್ಕೆಯಾಗಿತ್ತು.

ಭಾರತದಂತಹ ಬಿಸಿಲು ಮತ್ತು ತೇವದ ದೇಶಗಳಿಗಾಗಿ ಬ್ರಿಟಿಷ್ ತಯಾರಕರು 'ಟ್ರಾಪಿಕಲ್' ಎಂಬ ಮಾದರಿಗಳನ್ನು ರೂಪಿಸಿದರು. ಇವುಗಳಿಗೆ ಬಹುಮಟ್ಟಿಗೆ ತೇಗವನ್ನು ಬಳಸಲಾಗುತ್ತಿತ್ತು. ಶಾಖಕ್ಕೆ ಅಂಟು ಬಿಟ್ಟುಕೊಳ್ಳುವುದರಿಂದ ಕೀಲುಗಳನ್ನು ಹಿತ್ತಾಳೆಯ ಪಟ್ಟಿ ಮತ್ತು ತಿರುಪುಗಳಿಂದ ಭದ್ರಪಡಿಸುತ್ತಿದ್ದರು. ಇಂದು ಸಂಗ್ರಾಹಕರು ಅಲಂಕಾರವೆಂದು ಮೆಚ್ಚುವ ಈ ಹಿತ್ತಾಳೆ ಮೂಲತಃ ಅಲಂಕಾರಕ್ಕಾಗಿ ಇದ್ದುದಲ್ಲ.

ರಚನೆ

ಮುಂದಿನ ಹಲಗೆಯಲ್ಲಿ ಮಸೂರ, ಹಿಂಬದಿಯಲ್ಲಿ ಮಬ್ಬುಗಾಜು, ನಡುವೆ ಬೆಳಕು ನುಸುಳದ ಮಡಿಕೆಯ ತಿದಿ ಇರುತ್ತವೆ. ಛಾಯಾಗ್ರಾಹಕರು ಕಪ್ಪು ಬಟ್ಟೆ ಹೊದ್ದು, ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ನೋಡಿ ಸ್ಪಷ್ಟಗೊಳಿಸುತ್ತಾರೆ. ಬಳಿಕ ಗಾಜಿನ ಜಾಗಕ್ಕೆ ಫಿಲ್ಮ್ ಹೋಲ್ಡರನ್ನು ಸೇರಿಸುತ್ತಾರೆ. ಮಸೂರದ ಹಲಗೆಯನ್ನು ಮೇಲೆತ್ತಬಹುದು, ಓರೆ ಮಾಡಬಹುದು. ಇದರಿಂದ ಎತ್ತರದ ಗೋಪುರವನ್ನು ಅದರ ಗೆರೆಗಳು ಒಳಕ್ಕೆ ವಾಲದಂತೆ ಸೆರೆಹಿಡಿಯಲು ಸಾಧ್ಯ. ಕೇಂಬ್ರಿಜ್‌ನ ಮರಗೆಲಸಗಾರ ಫ್ರೆಡೆರಿಕ್ ಸ್ಯಾಂಡರ್ಸನ್ 1895ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇಂತಹ ಹೊಂದಾಣಿಕೆಗೆ ಹೆಸರಾಯಿತು.

ಬಳಕೆ ಮತ್ತು ಮಿತಿಗಳು

ರಿಚರ್ಡ್ ಅವೆಡನ್ 1979ರಿಂದ 1984ರವರೆಗೆ ಅಮೆರಿಕದ ಪಶ್ಚಿಮ ಭಾಗದ ಶ್ರಮಿಕರ ಭಾವಚಿತ್ರಗಳನ್ನು ತೆಗೆದದ್ದು 8×10 ಅಂಗುಲದ ಡಿಯರ್‌ಡಾರ್ಫ್ ಮರದ ಕ್ಯಾಮೆರಾದಿಂದ. ಬಿಂಬವನ್ನು ಸ್ಪಷ್ಟಗೊಳಿಸಿ ಫಿಲ್ಮ್ ಸೇರಿಸಿದ ಮೇಲೆ ಅವರು ಕ್ಯಾಮೆರಾದ ಪಕ್ಕದಲ್ಲಿ ನಿಂತು ಎದುರಿನ ವ್ಯಕ್ತಿಯನ್ನು ನೇರವಾಗಿ ನೋಡುತ್ತಿದ್ದರು. ಯಂತ್ರದ ಹಿಂದೆ ಮುಖ ಮರೆಸಿಕೊಳ್ಳದ ಈ ವಿಧಾನ ಆ ಚಿತ್ರಗಳ ತೀಕ್ಷ್ಣತೆಗೆ ಒಂದು ಕಾರಣ.

ಮರವು ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಸೂಕ್ಷ್ಮ ಅಳತೆ ಬೇಡುವ ಸ್ಟುಡಿಯೊ ಕೆಲಸಕ್ಕೆ ಲೋಹದ ಕ್ಯಾಮೆರಾವೇ ಮೇಲು. ಚಲಿಸುವ ವಸ್ತುಗಳ ಚಿತ್ರಣಕ್ಕೆ ಇದು ಅಷ್ಟಾಗಿ ಹೊಂದುವುದಿಲ್ಲ. ಫಿಲ್ಮ್ ಹಾಳೆಗಳೂ ದುಬಾರಿ. ಆದರೂ ಬಿರುಕುಬಿಟ್ಟ ಚೌಕಟ್ಟನ್ನು ಒಬ್ಬ ನುರಿತ ಬಡಗಿ ಸರಿಪಡಿಸಬಲ್ಲ. ಹಳೆಯ ಚೌಕಟ್ಟಿಗೆ ಹೊಸ ಮಸೂರವನ್ನು ಹಲಗೆ ಬದಲಿಸಿ ಜೋಡಿಸಬಹುದು.

2014ರಲ್ಲಿ ಜನನಿಧಿಯ ನೆರವಿನಿಂದ ಇಂಗ್ಲೆಂಡಿನಲ್ಲಿ ಆರಂಭವಾದ ಇಂಟ್ರೆಪಿಡ್ ಸಂಸ್ಥೆಯು ಪ್ಲೈವುಡ್ ಬಳಸಿ ಕಡಿಮೆ ಬೆಲೆಯ 4×5 ಅಂಗುಲದ ಕ್ಯಾಮೆರಾಗಳನ್ನು ತಯಾರಿಸಿತು. ಸ್ಲೊವೇನಿಯಾದ ಒಂಡು ಸಂಸ್ಥೆಯ ಮರದ ಕ್ಯಾಮೆರಾಗಳಲ್ಲಿ ಮಸೂರದ ಬದಲು ಸೂಜಿರಂಧ್ರವಿದೆ.