ಹೂವಿನ ಗುರುತಿನ ಹಿಂದೆ: ಹತ್ತಿರದಿಂದ ನೋಡಿದವರ ಚರಿತ್ರೆ

ಫೋನಿನ ಕ್ಯಾಮೆರಾದಲ್ಲಿ ಮ್ಯಾಕ್ರೊ ಎಂಬುದಕ್ಕೆ ಸಾಮಾನ್ಯವಾಗಿ ಇರುವ ಗುರುತು ಒಂದು ಪುಟ್ಟ ಹೂವು. ಇರುವೆಯ ಕಾಲನ್ನೋ ನಾಣ್ಯದ ಅಂಚನ್ನೋ ತೆಗೆಯಲು ಹೊರಟರೂ ಒತ್ತಬೇಕಾದದ್ದು ಹೂವನ್ನೇ. ನಮ್ಮ ಮಹಿಳಾ ವೇದಿಕೆಯ ವಾಟ್ಸ್ಆ್ಯಪ್ ಬಳಗದಲ್ಲಿ ಶ್ರಾವಣ ಬಂತೆಂದರೆ ಹೂವಿನ ಚಿತ್ರಗಳ ಸುರಿಮಳೆ. ಅನೇಕ ಚಿತ್ರಗಳ ಕೆಳಗೆ ‘ಮ್ಯಾಕ್ರೊ’ ಎಂದು ಬರೆದಿರುತ್ತದೆ. ನಿಜ ಹೇಳಬೇಕೆಂದರೆ ಅವುಗಳಲ್ಲಿ ಬಹುಪಾಲು ಕ್ಲೋಸ್‌ಅಪ್. ಹಾಗಾದರೆ ಈ ಎರಡರ ನಡುವಿನ ಗೆರೆ ಎಳೆದವರು ಯಾರು ಎಂದು ಹುಡುಕುತ್ತಾ ಹೋದೆ. ಕಥೆ 180 ವರ್ಷ ಹಿಂದಕ್ಕೆ ಹೋಯಿತು. ಅದರ ಮೊದಲ ಪುಟದಲ್ಲೇ ಒಬ್ಬ ಹೆಣ್ಣುಮಗಳು ಸಿಕ್ಕಳು.

ಮೊದಲು ಆ ಗೆರೆಯ ವಿಷಯ. ಹಳೆಯ ಫಿಲಂ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಒಂದು ಸೆಂಟಿಮೀಟರಿನ ಹೂವು ಆ ಫಿಲಂ ಮೇಲೂ ಒಂದು ಸೆಂಟಿಮೀಟರ್ ಆಗಿಯೇ ಬಿದ್ದರೆ ಅದು 1:1, ಅಂದರೆ ಮ್ಯಾಕ್ರೊ. ಅದಕ್ಕಿಂತ ಚಿಕ್ಕದಾಗಿ ಬಿದ್ದರೆ ಕ್ಲೋಸ್‌ಅಪ್. ಆಮೇಲೆ ಅದನ್ನು ಗೋಡೆಯಷ್ಟು ದೊಡ್ಡದಾಗಿ ಮುದ್ರಿಸಿದರೂ, ಟಿ.ವಿ. ಪರದೆಯ ಮೇಲೆ ಹಾಕಿದರೂ ಲೆಕ್ಕ ಬದಲಾಗುವುದಿಲ್ಲ. ಅಳೆಯಬೇಕಾದದ್ದು ಫಿಲಂ ಮೇಲೆ, ಈಗಿನ ಮಾತಿನಲ್ಲಿ ಸೆನ್ಸರ್ ಮೇಲೆ.

ಈ ಅಳತೆಯಿಂದ ನೋಡಿದರೆ ಸಸ್ಯಗಳ ಮೊಟ್ಟಮೊದಲ ಛಾಯಾಚಿತ್ರಗಳೇ 1:1! ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಅನ್ನಾ ಅಟ್ಕಿನ್ಸ್ ಹುಟ್ಟಿದ್ದು 1799ರಲ್ಲಿ. ಹಸುಗೂಸಾಗಿರುವಾಗಲೇ ತಾಯಿಯನ್ನು ಕಳೆದುಕೊಂಡು, ವಿಜ್ಞಾನಿ ತಂದೆಯ ಜೊತೆ ಬೆಳೆದವಳು. ಖಗೋಳ ವಿಜ್ಞಾನಿ ಜಾನ್ ಹರ್ಷಲ್ ಆ ಮನೆಯ ಸ್ನೇಹಿತ. ಅವನು 1842ರಲ್ಲಿ ಕಬ್ಬಿಣದ ಲವಣಗಳನ್ನು ಕಾಗದಕ್ಕೆ ಸವರಿ, ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದರೆ ನೀಲಿ ಚಿತ್ರ ಮೂಡುವ ಸಯನೋಟೈಪ್ ವಿಧಾನವನ್ನು ಕಂಡುಹಿಡಿದ. ಮರುವರ್ಷವೇ ಅನ್ನಾ ಅದನ್ನು ಕೈಗೆತ್ತಿಕೊಂಡಳು. ಕ್ಯಾಮೆರಾ ಬೇಕಿರಲಿಲ್ಲ, ಲೆನ್ಸ್ ಬೇಕಿರಲಿಲ್ಲ. ಒಣಗಿಸಿದ ಪಾಚಿಯನ್ನು ಕಾಗದದ ಮೇಲಿಟ್ಟು, ಗಾಜು ಮುಚ್ಚಿ ಬಿಸಿಲಿಗಿಟ್ಟರೆ ಆಯಿತು. ಗಿಡ ಎಷ್ಟು ಉದ್ದವೋ ಚಿತ್ರವೂ ಅಷ್ಟೇ ಉದ್ದ. ಹೀಗೆ 1843ರಲ್ಲಿ ಹೊರಬರತೊಡಗಿದ ಅವಳ ಬ್ರಿಟಿಷ್ ಪಾಚಿಗಳ ಸಂಪುಟವನ್ನು ಛಾಯಾಚಿತ್ರಗಳಿರುವ ಮೊದಲ ಪುಸ್ತಕವೆಂದು ಎಣಿಸುತ್ತಾರೆ. ಮುಂದೆ ಗೆಳತಿ ಆ್ಯನ್ ಡಿಕ್ಸನ್ ಜೊತೆಗೂಡಿ ಜರೀಗಿಡ, ಹೂಗಿಡಗಳನ್ನೂ ಇದೇ ರೀತಿ ನೀಲಿಗಿಳಿಸಿದಳು.

ಇಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅವಳ ಸಹಿ. ಪುಸ್ತಕದಲ್ಲಿ ಪೂರ್ತಿ ಹೆಸರಿಲ್ಲ, ‘ಎ. ಎ.’ ಎಂದಷ್ಟೇ ಇದೆ. ಕೆಲವು ದಶಕಗಳ ನಂತರ ಅದನ್ನು ನೋಡಿದ ಒಬ್ಬ ವಿದ್ವಾಂಸ, ಇದು ‘ಅನಾಮಧೇಯ ಹವ್ಯಾಸಿ’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಿರಬೇಕು ಎಂದುಕೊಂಡ. ಹತ್ತು ವರ್ಷ ಬಿಸಿಲು ಕಾಯ್ದು ದುಡಿದವಳು ಅನಾಮಧೇಯಳಾದಳು! ಅವಳು ಮಾತ್ರ ತನ್ನ ಒಂದೊಂದು ಗಿಡಕ್ಕೂ ಶಾಸ್ತ್ರೀಯ ಹೆಸರನ್ನು ತಪ್ಪದೆ ಕೊಟ್ಟಿದ್ದಳು.

ಅದೇ 1840ರ ದಶಕದಲ್ಲಿ ನನ್ನ ತವರಾದ ಶಿವಮೊಗ್ಗದಲ್ಲೂ ಹತ್ತಿರದಿಂದ ನೋಡುವ ಕೆಲಸ ನಡೆದಿತ್ತು. ಹ್ಯೂ ಕ್ಲೆಗಾರ್ನ್ ಎಂಬ ವೈದ್ಯ ಅಲ್ಲಿ ಕೆಲಸದಲ್ಲಿದ್ದಾಗ ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡುವ ವ್ರತ ಹಿಡಿದಿದ್ದ. ಅವುಗಳ ಚಿತ್ರ ಬರೆಯಲು ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡಿದ್ದ. ಕ್ಲೆಗಾರ್ನನ ಸಂಗ್ರಹ ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿದೆ. ಕ್ಲೆಗಾರ್ನ್ ಮುಂದೆ ಮದ್ರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾಗಿ ಹೆಸರು ಮಾಡಿದ. ಕುಂಚ ಹಿಡಿದವನ ಹೆಸರನ್ನು ನಮ್ಮೂರಿನಲ್ಲಿ ಯಾರಾದರೂ ಹೇಳಿದ್ದು ನಾನು ಕೇಳಿಲ್ಲ.

ಹೆಸರಿಡುವ ಗೊಡವೆ ಬಂದದ್ದು ತಡವಾಗಿ. ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳೇ ಬೇರೆ, ಹತ್ತು ಪಟ್ಟಿಗಿಂತ ಕಡಿಮೆ ಹಿಗ್ಗಿಸಿದವೇ ಬೇರೆ ಎಂದು ಗುರುತಿಸಲು ವಾಮ್ಸ್‌ಲಿ ಎಂಬಾತ 1899ರಲ್ಲಿ ‘ಫೋಟೊಮ್ಯಾಕ್ರೊಗ್ರಾಫ್’ ಎಂಬ ಪದವನ್ನು ಸೂಚಿಸಿದ. ಸುಮಾರು ಅದೇ ಹೊತ್ತಿಗೆ ಬರ್ಲಿನ್‌ನಲ್ಲಿ ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬ ಮೇಷ್ಟ್ರು ಸ್ವಂತವಾಗಿ ತಯಾರಿಸಿಕೊಂಡ ಕ್ಯಾಮೆರಾದಲ್ಲಿ ಮೊಗ್ಗು, ಕುಡಿ, ಬೀಜಕೋಶಗಳನ್ನು 30 ಪಟ್ಟಿನವರೆಗೂ ಹಿಗ್ಗಿಸಿ ತೆಗೆಯುತ್ತಿದ್ದ. ಕಲಾಪ್ರದರ್ಶನಕ್ಕಲ್ಲ, ವಿನ್ಯಾಸ ಕಲಿಯುವ ತನ್ನ ವಿದ್ಯಾರ್ಥಿಗಳಿಗೆ ತೋರಿಸಲು. 1928ರಲ್ಲಿ ಅವು ಪುಸ್ತಕವಾಗಿ ಬಂದಾಗ ಅರವತ್ತು ದಾಟಿದ್ದ ಮೇಷ್ಟ್ರು ಇದ್ದಕ್ಕಿದ್ದಂತೆ ಪ್ರಸಿದ್ಧನಾದ. ಜರೀಗಿಡದ ಸುರುಳಿ ಅವನ ಚಿತ್ರದಲ್ಲಿ ಕಬ್ಬಿಣದ ಕಟಾಂಜನದಂತೆ ಕಾಣುತ್ತದೆ.

ನನಗೆ ಹೆಚ್ಚು ಹತ್ತಿರವಾದವಳು ಅಮೆರಿಕದ ಇಮೋಜೆನ್ ಕನಿಂಗ್‌ಹ್ಯಾಮ್. ರಸಾಯನಶಾಸ್ತ್ರ ಓದಿದವಳು, ಓದುವಾಗ ಫೀಸು ಕಟ್ಟಲು ಸಸ್ಯಶಾಸ್ತ್ರ ವಿಭಾಗಕ್ಕೆ ಗಿಡಗಳ ಚಿತ್ರ ತೆಗೆದುಕೊಟ್ಟವಳು. ಮುಂದೆ ಸ್ಟುಡಿಯೊ ನಡೆಸಿದಳು, ಮದುವೆಯಾದಳು, ಒಂದರ ಹಿಂದೊಂದು ಮೂವರು ಗಂಡುಮಕ್ಕಳು, ಅದರಲ್ಲಿ ಇಬ್ಬರು ಅವಳಿ. ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಮಕ್ಕಳು ಆಡುತ್ತಿರುವಾಗ ಕಣ್ಣಳತೆಯಲ್ಲಿದ್ದದ್ದು ಹಿತ್ತಿಲ ಗಿಡಗಳು, ಅವನ್ನೇ ತೆಗೆದಳು. 1925ರ ಅವಳ ಮ್ಯಾಗ್ನೋಲಿಯ ಚಿತ್ರ ಈಗ ಛಾಯಾಚಿತ್ರಗಳ ಚರಿತ್ರೆಯಲ್ಲಿ ದೊಡ್ಡ ಹೆಸರು. ಅಂಗೈ ತುಂಬುವ ಹೂವು, ಅದರ ನಟ್ಟನಡುವೆ ಕೇಸರಗಳ ಗೋಪುರ, ಸುತ್ತ ಬಿಳಿ ಎಸಳು. ಕಾಣದ್ದನ್ನು ಅಲ್ಲಿ ಕಾಣಿಸಿಲ್ಲ. ಕಣ್ಣಿಗೆ ಕಾಣುವುದನ್ನೇ ಹತ್ತಿರ ಹೋಗಿ ನೋಡಿದ್ದಾಳೆ. ಕ್ಲೋಸ್‌ಅಪ್ ಎಂದರೆ ಕೆಳದರ್ಜೆಯ ಮ್ಯಾಕ್ರೊ ಎಂದು ಭಾವಿಸಿರುವವರು ಈ ಒಂದು ಚಿತ್ರ ನೋಡಬೇಕು. ಮನೆಯಿಂದಲೇ ಕೆಲಸ ಮಾಡುತ್ತಾ, ಎರಡು ಮೀಟಿಂಗುಗಳ ನಡುವೆ ಬಾಲ್ಕನಿಯ ದಾಸವಾಳದ ಮುಂದೆ ನಿಲ್ಲುವ ನನ್ನಂಥವರಿಗೆ ಅವಳು ದೂರದವಳೆನಿಸುವುದಿಲ್ಲ.

ಅಂಗಡಿಯಲ್ಲಿ ಕೊಳ್ಳಬಹುದಾದ ಮೊದಲ ಮ್ಯಾಕ್ರೊ ಲೆನ್ಸ್ ಬಂದದ್ದು 1955ರಲ್ಲಿ, ಹೈನ್ಸ್ ಕಿಲ್‌ಫಿಟ್‌ನ ಮಾಕ್ರೊ-ಕಿಲಾರ್. ಅದರ ಒಂದು ಮಾದರಿ 1:1 ಮುಟ್ಟುತ್ತಿತ್ತು. ಆಮೇಲೆ ಕಂಪನಿಗಳು ಅರ್ಧ ಅಳತೆ, ಕಾಲು ಅಳತೆ ಮುಟ್ಟುವ ಲೆನ್ಸುಗಳಿಗೂ ಮ್ಯಾಕ್ರೊ ಎಂದು ಬರೆಯತೊಡಗಿದವು. ಫೋನಿನವರು ಹೊಸದಾಗಿ ಶುರುಮಾಡಿದ ಚಾಳಿಯಲ್ಲ ಇದು!

ಫೋನಿನೊಳಗೆ ಆಗುವುದೇನು? ಮುಖ್ಯ ಕ್ಯಾಮೆರಾದ ಸೆನ್ಸರ್ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಾ ಬಂದಂತೆ, ತೀರಾ ಹತ್ತಿರದ ವಸ್ತುವಿಗೆ ಫೋಕಸ್ ಮಾಡುವುದು ಅದಕ್ಕೆ ಕಷ್ಟವಾಯಿತು. ಅದಕ್ಕಾಗಿ ಅನೇಕ ಫೋನುಗಳು ನಾವು ಹೂವಿನ ಸಮೀಪ ಹೋದೊಡನೆ ಸದ್ದಿಲ್ಲದೆ ಅಲ್ಟ್ರಾವೈಡ್ ಕ್ಯಾಮೆರಾಕ್ಕೆ ಜಿಗಿಯುತ್ತವೆ. ಅದರ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಿ ಕೊಡುತ್ತವೆ. 2021ರ ಐಫೋನ್ 13 ಪ್ರೊ 2 ಸೆಂಟಿಮೀಟರ್ ದೂರದಿಂದ ತೆಗೆಯುವುದು ಹೀಗೆಯೇ. ಹಳೆಯ ಲೆಕ್ಕದಲ್ಲಿ ಇದು 1:1 ಅಲ್ಲ. ನಿಜವಾದ 1:1 ಆಗಿದ್ದರೆ, ಉಗುರಿಗಿಂತ ಚಿಕ್ಕದಾದ ಆ ಸೆನ್ಸರಿನಲ್ಲಿ ಒಂದು ಇಡೀ ತುಂಬೆ ಹೂವೂ ಹಿಡಿಸುತ್ತಿರಲಿಲ್ಲ. ಕಡಿಮೆ ಬೆಲೆಯ ಫೋನುಗಳಲ್ಲಿ ಬಂದ 2 ಮೆಗಾಪಿಕ್ಸೆಲ್ಲಿನ ಪ್ರತ್ಯೇಕ ಮ್ಯಾಕ್ರೊ ಕ್ಯಾಮೆರಾ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಪೆಟ್ಟಿಗೆಯ ಮೇಲೆ ಬರೆಯಲು ಚೆಂದ.

ಇನ್ನೊಂದು ತೊಡಕಿದೆ. ಅಷ್ಟು ಹತ್ತಿರ ಹೋದರೆ ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತದೆ, ಮುಂದಿನ ಎಸಳು ಊದಿಕೊಂಡಂತೆ ಕಾಣುತ್ತದೆ. ಒಂದೆರಡು ಅಡಿ ಹಿಂದೆ ಸರಿದು ಟೆಲಿಫೋಟೊದಲ್ಲಿ ಕ್ಲೋಸ್‌ಅಪ್ ತೆಗೆದರೆ ಹೂವು ತನ್ನ ಆಕಾರದಲ್ಲೇ ಉಳಿಯುತ್ತದೆ. ದಾಸವಾಳಕ್ಕೆ, ಗುಲಾಬಿಗೆ, ಸೇವಂತಿಗೆಗೆ ನಾನು ಮ್ಯಾಕ್ರೊ ಒತ್ತುವುದೇ ಇಲ್ಲ. ತುಂಬೆಯ ತುಟಿಯಂಥ ಎಸಳಿನ ಮೇಲಿನ ನವಿರು ಕೂದಲು ಕಾಣಬೇಕೆಂದರೆ ಮಾತ್ರ ಮ್ಯಾಕ್ರೊ ಬೇಕೇ ಬೇಕು.

ಆದರೆ ಮ್ಯಾಕ್ರೊ ಅಳತೆಯನ್ನು ನುಂಗುತ್ತದೆ. ಪುಣೆಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಾಗಿ ವೇದಿಕೆಯವರು ಪೂಜೆಯ ಹೂವುಗಳ ಚಿತ್ರ ತೋರಿಸಿದಾಗ, ಪರದೆ ತುಂಬ ನಿಂತ ತುಂಬೆಯನ್ನು ನೋಡಿ ಒಬ್ಬ ಹುಡುಗಿ “ಆಂಟಿ, ಇದು ಆರ್ಕಿಡ್ಡಾ?” ಎಂದಳು. ಶಿವನಿಗೆ ಪ್ರಿಯವೆಂದು ಅಜ್ಜಿ ಹೇಳಿದ್ದ ತುಂಬೆ ಅವಳಿಗೆ ಗೊತ್ತಿತ್ತು, ಹೆಸರಾಗಿ. ಚಿತ್ರ ಅದ್ಭುತವಾಗಿತ್ತು. ಆದರೆ ಮರುದಿನ ದಾರಿ ಬದಿಯಲ್ಲಿ ತುಂಬೆಗಿಡ ಕಂಡರೂ ಅವಳು ಗುರುತಿಸುವ ಹಾಗಿರಲಿಲ್ಲ. ನೀಲಿ ಕಾಗದದ ಅನ್ನಾಳ ಪುಸ್ತಕ ನೋಡಿದವರಿಗೆ ಈ ತೊಂದರೆ ಇರಲಿಲ್ಲ, ಅಲ್ಲಿ ಗಿಡದ ಗಾತ್ರವೇ ಚಿತ್ರದ ಗಾತ್ರ.

ಹಾಗಾಗಿ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಗೆ ನಾವು ಕೆಲವರು ಹೋದಾಗ ಪ್ರತಿ ಹೂವಿಗೂ ಎರಡು ಚಿತ್ರ ಎಂದು ಗೊತ್ತುಮಾಡಿಕೊಂಡೆವು. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಅದೂ ಒಂದು. ನಮ್ಮ ಮಲೆನಾಡಿನ ಬೆಟ್ಟಸಾಲೇ ಉತ್ತರಕ್ಕೆ ಮುಂದುವರಿದ ಜಾಗ. ಅಲ್ಲಿ ಮರಾಠಿಯವರು ‘ಸೀತೆಚೀ ಆಸವೆ’, ಸೀತೆಯ ಕಣ್ಣೀರು, ಎಂದು ಕರೆಯುವ ಪುಟ್ಟ ನೀಲಿ ಹೂವಿದೆ. ಹುಳಗಳನ್ನು ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯ ಅದು. ಕಾಲುದಾರಿ ಬಿಟ್ಟು ಇಳಿಯದೆ, ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮೊದಲು ಹುಲ್ಲು, ನೀರು, ಪಕ್ಕದಲ್ಲಿ ಗೆಳತಿಯ ಕಿರುಬೆರಳು ಎಲ್ಲ ಸೇರಿದಂತೆ ಒಂದು ಕ್ಲೋಸ್‌ಅಪ್. ಆಮೇಲೆ ಉಸಿರು ಹಿಡಿದು ಒಂದು ಮ್ಯಾಕ್ರೊ. ಎರಡರ ಕೆಳಗೂ ಕನ್ನಡದಲ್ಲಿ, ಮರಾಠಿಯಲ್ಲಿ ಹೂವಿನ ಹೆಸರು, ದಿನಾಂಕ, ಜಾಗ, ಜೊತೆಗೆ ತೆಗೆದವಳ ಪೂರ್ತಿ ಹೆಸರು. ಈಗ ಆ ಆಲ್ಬಮಿನಲ್ಲಿ 41 ಹೂವುಗಳಿವೆ; ಏಳಕ್ಕೆ ಇನ್ನೂ ಕನ್ನಡದ ಹೆಸರು ಸಿಕ್ಕಿಲ್ಲ. ಊರಿನಲ್ಲಿರುವ ನಿಮ್ಮ ಅತ್ತೆ, ಅಜ್ಜಿಯರಿಗೆ ತೋರಿಸುವುದಾದರೆ ಬೆರಳಿರುವ ಚಿತ್ರವನ್ನೇ ಮೊದಲು ತೋರಿಸಿ.