ಅರೋರಾ ಅಂದ್ರೆ ಬರೀ ಬಣ್ಣ ಅಲ್ಲ, ಬಿಸಿಯೂ ಹೌದು

2024ರ ಮೇ 10-11ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ನಡೆಸುವ ವೀಕ್ಷಣಾಲಯದ ಕ್ಯಾಮೆರಾಗಳು ಅದನ್ನು ಸೆರೆಹಿಡಿದವು. ಫೋಟೊಗಳನ್ನು ನಾವೆಲ್ಲ ಶೇರ್ ಮಾಡಿದೆವು. ಆದರೆ ಆ ಕೆಂಪಿನ ಹಿಂದಿರುವುದು ಬಿಸಿಯಾದ ಎಲೆಕ್ಟ್ರಾನ್‌ಗಳು ಅನ್ನೋ ವಿಷಯ ಅಷ್ಟಾಗಿ ಚರ್ಚೆಯಾಗಲಿಲ್ಲ.

ಹಾನ್ಲೆಯಲ್ಲಿ ಆಗಿದ್ದೇನು?

ಸೌರ ಬಿರುಗಾಳಿಯ ಹೊತ್ತಿನಲ್ಲಿ ಭೂಮಿಯ ಸುತ್ತ ಹರಿಯುವ ಉಂಗುರ ಪ್ರವಾಹ ಬಲಗೊಳ್ಳುತ್ತದೆ. ಅದರ ಶಕ್ತಿ ಕಾಂತಕ್ಷೇತ್ರದ ರೇಖೆಗಳ ಗುಂಟ ಇಳಿದು, ಸುಮಾರು 400 ಕಿ.ಮೀ. ಎತ್ತರದ ಎಲೆಕ್ಟ್ರಾನ್‌ಗಳನ್ನು ಕಾಯಿಸುತ್ತದೆ. ಅವು ಆಮ್ಲಜನಕದ ಪರಮಾಣುಗಳಿಗೆ ಡಿಕ್ಕಿ ಹೊಡೆದಾಗ 630 ನ್ಯಾನೋಮೀಟರಿನ ಕೆಂಪು ಬೆಳಕು ಹೊಮ್ಮುತ್ತದೆ.

ಧ್ರುವಗಳ ಬಳಿ ಕತೆಯೇ ಬೇರೆ

ಅಲ್ಲಿ ಬಿಸಿಯಾಗಲು ಎರಡು ದಾರಿ. ಒಂದು, ಮೇಲಿಂದ ಸುರಿಯುವ ವೇಗದ ಎಲೆಕ್ಟ್ರಾನ್‌ಗಳು ಗಾಳಿಯ ಅಣುಗಳಿಂದ ಹೊಸ ಎಲೆಕ್ಟ್ರಾನ್‌ಗಳನ್ನು ಕಿತ್ತು ಹಾಕುತ್ತವೆ. ಇವು ತಮ್ಮ ಶಕ್ತಿಯನ್ನು ಸುತ್ತಲಿನ ತಣ್ಣನೆಯ ಎಲೆಕ್ಟ್ರಾನ್‌ಗಳಿಗೆ ಹಂಚುತ್ತವೆ.

ಇನ್ನೊಂದು ದಾರಿ ನನಗೆ ಹೆಚ್ಚು ಕುತೂಹಲದ್ದು. 100ರಿಂದ 120 ಕಿ.ಮೀ. ಎತ್ತರದಲ್ಲಿ ಅಯಾನುಗಳು ಗಾಳಿಗೆ ತಾಗಿ ತಾಗಿ ಹಿಂದೆ ಉಳಿಯುತ್ತವೆ, ಎಲೆಕ್ಟ್ರಾನ್‌ಗಳು ಮಾತ್ರ ಓಡುತ್ತಲೇ ಇರುತ್ತವೆ. ಅರೋರಾದ ವಿದ್ಯುತ್ ಕ್ಷೇತ್ರ ಜೋರಾಗಿ, ಈ ಎರಡರ ವೇಗದ ಅಂತರ ಅಲ್ಲಿನ ಅಯಾನು-ಶಬ್ದದ ವೇಗವನ್ನು ಮೀರಿದರೆ ಪ್ಲಾಸ್ಮಾದಲ್ಲಿ ಸಣ್ಣ ಅಲೆಗಳೇಳುತ್ತವೆ. ಇದಕ್ಕೆ ಫಾರ್ಲಿ-ಬುನೆಮನ್ ಅಸ್ಥಿರತೆ ಅಂತ ಹೆಸರು. ಈ ಅಲೆಗಳೇ ಎಲೆಕ್ಟ್ರಾನ್‌ಗಳನ್ನು ಕಾಯಿಸುತ್ತವೆ. ಶಾಂತ ದಿನಗಳಲ್ಲಿ ಕೆಲವೇ ನೂರು ಕೆಲ್ವಿನ್ ಇರುವ ಅವುಗಳ ತಾಪ 1,000 ಕೆಲ್ವಿನ್ ದಾಟುತ್ತದೆ. ನಾರ್ವೆಯ ಟ್ರೋಮ್ಸೊ ಬಳಿಯ ಐಸ್ಕ್ಯಾಟ್ ರಾಡಾರ್ ಇದನ್ನು ಅಳೆದಿದೆ. ಹಾಗಂತ ಅಲ್ಲಿ ಕೈಯಿಟ್ಟರೆ ಸುಡೋದಿಲ್ಲ. ಎಲೆಕ್ಟ್ರಾನ್‌ಗಳ ಸಂಖ್ಯೆ ತೀರಾ ಕಡಿಮೆ, ಗಾಳಿಯೂ ಅತಿ ತೆಳು.

ನಮಗೇನು?

ಬಿಸಿ ಎಲೆಕ್ಟ್ರಾನ್‌ಗಳು ಅಯಾನುಗಳ ಜೊತೆ ಬೇಗ ಮರುಕೂಡುವುದಿಲ್ಲ. ಹಾಗಾಗಿ ಅಯಾನುಗೋಳದ ವಾಹಕತೆ ಹೆಚ್ಚುತ್ತದೆ, ಅಲ್ಲಿ ಹರಿಯುವ ವಿದ್ಯುತ್ತಿನ ಲೆಕ್ಕ ಬದಲಾಗುತ್ತದೆ. ಆ ವಿದ್ಯುತ್ತು ಗಾಳಿಯನ್ನು ಕಾಯಿಸಿ ಹಿಗ್ಗಿಸುತ್ತದೆ. ಕೆಳಕಕ್ಷೆಯ ಉಪಗ್ರಹಗಳಿಗೆ ಎಳೆತ ಹೆಚ್ಚುತ್ತದೆ. 2022ರ ಫೆಬ್ರವರಿಯಲ್ಲಿ ಸ್ಪೇಸ್‌ಎಕ್ಸ್ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಸುಮಾರು 40 ನಷ್ಟವಾಗಿದ್ದು ಇಂಥ ಎಳೆತದಿಂದಲೇ. ಅದೂ ದೊಡ್ಡ ಬಿರುಗಾಳಿಯೇನಲ್ಲ.

ಎಲೆಕ್ಟ್ರಾನ್‌ಗಳ ಈ ತಾಪವನ್ನು ಮಾದರಿಗಳು ಲೆಕ್ಕಕ್ಕೆ ಹಿಡಿಯದಿದ್ದರೆ ಮುನ್ಸೂಚನೆಯೂ ತಪ್ಪಬಹುದು. ಸೂರ್ಯನ ಮೇಲೆ ಕಣ್ಣಿಡಲು ಭಾರತ 2023ರ ಸೆಪ್ಟೆಂಬರಿನಲ್ಲಿ ಆದಿತ್ಯ-ಎಲ್1 ಕಳಿಸಿತು. ನನ್ನ ವಾದ ಇಷ್ಟೇ: ಮಳೆಯ ಮುನ್ಸೂಚನೆಯನ್ನು ಸರ್ಕಾರದ ಹೊಣೆ ಅಂತ ಕೇಳಿ ಪಡೀತೀವಿ. ಫೋನಿನ ಮ್ಯಾಪ್‌ನಿಂದ ವಿಮಾನದ ದಾರಿಯವರೆಗೆ ಉಪಗ್ರಹಗಳನ್ನೇ ನಂಬಿರುವ ನಾವು, ಬಾಹ್ಯಾಕಾಶ ಹವಾಮಾನದ ಮುನ್ಸೂಚನೆಯನ್ನೂ, ಅದಕ್ಕೆ ಬೇಕಾದ ರಾಡಾರು, ಕ್ಯಾಮೆರಾ, ಸಂಶೋಧಕರ ಸಂಬಳವನ್ನೂ ಬಜೆಟ್ಟಿನಲ್ಲಿ ಕೇಳಬೇಕು.