ನೆರಳಿರುವ ಮರಳುಮಣ್ಣಿನ ಇಳಿಜಾರಿನಲ್ಲಿ ಸಸ್ಯಗಳ ಮೂಲಕ ಮಣ್ಣಿನ ಸವಕಳಿ ತಡೆ

ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳಲ್ಲಿ ಮನೆಯ ಹಿಂಬದಿಯ ಧರೆ, ಅಡಿಕೆ ತೋಟದ ಮೇಲಂಚು ಹಾಗೂ ಸೊಪ್ಪಿನ ಬೆಟ್ಟದ ಬುಡದಲ್ಲಿ ದಟ್ಟ ನೆರಳಿದ್ದರೂ ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗುವುದುಂಟು. ಇಂತಹ ಜಮೀನು ಹೊಂದಿರುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸವಕಳಿಗೆ ಕಾರಣ

ಮರಗಳಿರುವಲ್ಲಿ ಮಣ್ಣು ಸವೆಯುವುದಿಲ್ಲವೆಂಬ ನಂಬಿಕೆ ಪೂರ್ಣ ಸರಿಯಲ್ಲ. ಎಲೆಗಳ ಮೇಲೆ ಬಿದ್ದ ಮಳೆನೀರು ಎಲೆಯ ತುದಿಯಲ್ಲಿ ಕೂಡಿ ದಪ್ಪ ಹನಿಯಾಗುತ್ತದೆ. 8ರಿಂದ 10 ಮೀಟರ್ ಎತ್ತರದಿಂದ ಬೀಳುವ ಇಂತಹ ಹನಿಯ ರಭಸವು ಬಯಲಿನ ಮಳೆಹನಿಗೆ ಕಡಿಮೆಯಿರುವುದಿಲ್ಲ. ತೇಗದಂತಹ ಅಗಲ ಎಲೆಯ ಮರಗಳ ಕೆಳಗೆ ಇದು ಹೆಚ್ಚು. ಮರಳುಮಣ್ಣಿನಲ್ಲಿ ಕಣಗಳನ್ನು ಬಂಧಿಸುವ ಜೇಡಿಯ ಅಂಶ ಅಲ್ಪವಾದುದರಿಂದ ಅದು ಬೇಗನೆ ಸಡಿಲಗೊಳ್ಳುತ್ತದೆ.

ಹನಿಯ ಏಟನ್ನು ತಡೆಯುವುದು ನೆಲಕ್ಕೆ ಬಿದ್ದ ದರಕು. ತೋಟದ ಗೊಬ್ಬರಕ್ಕಾಗಿ ದರಕನ್ನು ಗುಡಿಸಿ ಒಯ್ಯುವುದು ರೂಢಿಯಲ್ಲಿದ್ದು, ಕಡಿದಾದ ಭಾಗದಲ್ಲಾದರೂ ಇದನ್ನು ನಿಲ್ಲಿಸತಕ್ಕದ್ದು. ಖರ್ಚಿಲ್ಲದ ಈ ಕ್ರಮವನ್ನೇ ಹೆಚ್ಚಿನವರು ಮರೆಯುತ್ತಾರೆ.

ಸಸ್ಯಗಳ ಆಯ್ಕೆ

ಸವಕಳಿ ಎಂದೊಡನೆ ಲಾವಂಚದ ಹೆಸರು ಬರುತ್ತದೆ. ಗುಂಡ್ಲುಪೇಟೆ ಭಾಗದ ರೈತರು ಇದನ್ನು ಬಹುಕಾಲದಿಂದ ಬದುಗಳ ಮೇಲೆ ಬೆಳೆಸುತ್ತ ಬಂದಿದ್ದಾರೆ. ಇದರ ಬೇರು 3 ಮೀಟರಿಗೂ ಆಳಕ್ಕೆ ಇಳಿಯಬಲ್ಲದು. ಆದರೆ ಲಾವಂಚಕ್ಕೆ ಬಿಸಿಲು ಅವಶ್ಯ. ದಟ್ಟ ನೆರಳಿನಲ್ಲಿ ತೆಂಡೆ ಒಡೆಯದೆ ಸಾಲು ತೆಳುವಾಗಿ, ನೀರು ನುಸುಳಲು ದಾರಿಯಾಗುತ್ತದೆ. ಆದ್ದರಿಂದ ಇದನ್ನು ಬಿಸಿಲು ಬೀಳುವ ಮೇಲಂಚಿಗೆ ಮಾತ್ರ ಬಳಸುವುದು ಸೂಕ್ತ. ಅಲ್ಲಿ ಬುಡಗಳ ನಡುವೆ 10ರಿಂದ 15 ಸೆಂ.ಮೀ. ಅಂತರವಿರಲಿ.

ನೆರಳಿನ ಭಾಗಕ್ಕೆ ಸ್ಥಳೀಯ ಜರೀಗಿಡಗಳು, ನೆಲದಲ್ಲಿ ಹಬ್ಬುವ ಹಿಪ್ಪಲಿ ಮತ್ತು ತೇವವಿರುವಲ್ಲಿ ಒಂದೆಲಗ ಹೊಂದುತ್ತವೆ. ಕೂವೆಗಡ್ಡೆಯೂ ನೆರಳನ್ನು ಸಹಿಸುತ್ತದೆ. ಆದರೆ ಗಡ್ಡೆ ಅಗೆಯುವಾಗ ಮಣ್ಣು ಸಡಿಲಗೊಳ್ಳುವುದರಿಂದ ಇಳಿಜಾರಿನಲ್ಲಿ ಅದನ್ನು ಕೀಳದೆ ಬಿಡಬೇಕು. ಹಳ್ಳದ ಅಂಚಿಗೆ ವಾಟೆ ಮತ್ತು ಕೇದಗೆ ಉತ್ತಮ.

ನೆಡುವ ಕ್ರಮ

ಮೊದಲು ಮೇಲಿನಿಂದ ಹರಿದು ಬರುವ ನೀರನ್ನು ಸಣ್ಣ ಕಾಲುವೆಯ ಮೂಲಕ ಬದಿಗೆ ತಿರುಗಿಸಬೇಕು. ಇದಾಗದೆ ನೆಟ್ಟ ಗಿಡಗಳು ಮೊದಲ ಜಡಿಮಳೆಗೇ ಕಿತ್ತುಹೋಗುವವು. ಅನಂತರ ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿ ರೇಖೆಗುಂಟ, ಮೇಲಿನ ಸಾಲಿನ ಸಂದಿಗೆ ಕೆಳಗಿನ ಸಾಲಿನ ಗಿಡ ಬರುವಂತೆ, ಮುಂಗಾರು ಆರಂಭದಲ್ಲಿ ನೆಡಬೇಕು. ಇಡೀ ಇಳಿಜಾರನ್ನು ಅಗೆಯದೆ ಗುಂಡಿಗಳನ್ನಷ್ಟೇ ತೆಗೆಯಬೇಕು. ಬೇರು ಹಿಡಿಯುವವರೆಗೆ ತೆಂಗಿನ ನಾರಿನ ಬಲೆ ಹಾಸಬಹುದು, ಅಥವಾ ಕಡಿದ ಸೊಪ್ಪುಸದೆಯನ್ನು ಅಡ್ಡಲಾಗಿ ಗೂಟ ಹೊಡೆದು ನಿಲ್ಲಿಸಬಹುದು. ಬೆಳಕಿಗಾಗಿ ಮರ ಕಡಿಯಲು ಉದ್ದೇಶಿಸಿದಲ್ಲಿ, ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರನ್ವಯ ಅನುಮತಿ ಅಗತ್ಯವೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸತಕ್ಕದ್ದು.

ಎಚ್ಚರಿಕೆ

ಈ ಸಸ್ಯಗಳು ಮೇಲ್ಪದರದ ಮಣ್ಣನ್ನು ಹಿಡಿಯುತ್ತವೆಯೇ ಹೊರತು ಆಳದಿಂದ ಜಾರುವ ಗುಡ್ಡವನ್ನಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಮರಗಿಡಗಳ ಸಮೇತವೇ ಗುಡ್ಡಗಳು ಕುಸಿದವು. ಧರೆಯ ಮೇಲ್ಭಾಗದಲ್ಲಿ ಬಿರುಕು, ಮರಗಳ ಹೊಸ ವಾಲಿಕೆ, ಅಥವಾ ಬುಡದಿಂದ ಕೆಸರುನೀರು ಹೊರಬರುವುದು ಕಂಡಲ್ಲಿ ಮನೆಯವರು ಕೂಡಲೇ ಸುರಕ್ಷಿತ ಸ್ಥಳಕ್ಕೆ ತೆರಳಿ, ತಹಶೀಲ್ದಾರರ ಕಛೇರಿಗೆ ಇಲ್ಲವೇ ಜಿಲ್ಲಾ ನಿಯಂತ್ರಣ ಕೊಠಡಿಗೆ (1077) ತಿಳಿಸಬೇಕು.

ತಾಂತ್ರಿಕ ಸಲಹೆಗಾಗಿ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು, ಸಸಿಗಳ ಲಭ್ಯತೆಗಾಗಿ ವಲಯ ಅರಣ್ಯಾಧಿಕಾರಿಗಳ ಕಛೇರಿಯನ್ನು ಮಳೆಗಾಲಕ್ಕೆ ಮುನ್ನವೇ ಸಂಪರ್ಕಿಸಬಹುದು. ಹೋಗುವಾಗ ಪಹಣಿ ಮತ್ತು ಗುರುತಿನ ಚೀಟಿಯ ಪ್ರತಿಗಳನ್ನು ಒಯ್ಯುವುದು ಅನುಕೂಲ.